ಈ ಹುಂಜ ಯಾರ ಮಗ?

ಮುಂಬಯಿಯಲ್ಲಿ ಕೋಳಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಂಗಡಿ ಮುಂದಿನ ಜಾಲರಿಯೊಳಗೆ ಒತ್ತೊತ್ತಾಗಿ ಕೂತ ಬಿಳಿ ಬ್ರಾಯ್ಲರ್. ಆದರೆ ಶಹರದ ಅಂಚಿನಲ್ಲಿ ನೆಲ ಕೆದಕಿ ತಿನ್ನುವ ಕೋಳಿಗಳು ಇನ್ನೂ ಉಳಿದಿವೆ. ಗೋರೆಗಾಂವ್‌ನ ಆರೆ ಕಾಲೊನಿಯ ವಾರ್ಲಿ ಪಾಡಾಗಳಲ್ಲಿ, ಗೊರಾಯಿ, ಮನೋರಿ, ಉತ್ತನದ ಹಳೆಯ ಮನೆಗಳ ಹಿಂದೆ, ಮಢ್ ಕಡೆಯ ಮೀನುಗಾರರ ಕೇರಿಗಳಲ್ಲಿ, ವಸೈ ವಿರಾರಿನ ವಾಡಿಗಳಲ್ಲಿ ನಾಲ್ಕು ಹೇಂಟೆ, ಒಂದು ಹುಂಜ ಕಾಣಸಿಗುತ್ತವೆ. ಮರಾಠಿಯವರು ಇದನ್ನು ಗಾವಠಿ ಕೋಂಬಡಿ ಎನ್ನುತ್ತಾರೆ, ನಮ್ಮವರು ನಾಟಿ ಕೋಳಿ ಎನ್ನುತ್ತಾರೆ. ಬ್ರಾಯ್ಲರ್‌ಗಿಂತ ಹೆಚ್ಚು ದುಡ್ಡು ಕೊಟ್ಟು ಅದನ್ನೇ ಹುಡುಕುವವರಿಗೆ ಈ ಊರಿನಲ್ಲಿ ಬರವಿಲ್ಲ.

ಬರೀ ಮೊಟ್ಟೆ ಸಾಕು ಅನ್ನುವವರಿಗೆ ಹುಂಜದ ಗೊಡವೆ ಬೇಕಿಲ್ಲ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಬೇಕೆಂದಾಗಲಷ್ಟೇ ಹುಂಜದ ಮಾತು ಬರುವುದು. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇಷ್ಟೆ: ಹಿತ್ತಲಲ್ಲೇ ಬೆಳೆದ ಮರಿಗಳಲ್ಲಿ ಎತ್ತರವಾಗಿ, ಬಾಲದ ಗರಿ ಮಿರಮಿರ ಮಿಂಚುವ ಒಂದನ್ನು ಉಳಿಸಿಕೊಳ್ಳುವುದು, ಮಿಕ್ಕ ಗಂಡುಗಳನ್ನೆಲ್ಲ ಶ್ರಾವಣಕ್ಕೆ ಮುಂಚಿನ ಗಟಾರಿ ಅಮಾವಾಸ್ಯೆಯೊಳಗೆ ಒಲೆಗೇರಿಸುವುದು. ನೋಡಲು ಚೆಂದ, ಖರ್ಚಿಲ್ಲ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಕಾವಿಗೆ ಇಟ್ಟ ಹನ್ನೆರಡು ಮೊಟ್ಟೆಯಲ್ಲಿ ಐದೋ ಆರೋ ಒಡೆಯುತ್ತವೆ, ಒಡೆದ ಮರಿಗಳಲ್ಲೂ ಕುಂಟು, ಸೊಟ್ಟ ಕೊಕ್ಕು ಕಾಣಿಸುತ್ತವೆ. ಹೇಂಟೆ ಸರಿಯಾಗಿ ಕಾವು ಕೂರಲಿಲ್ಲ, ಹವೆ ಸರಿಯಿಲ್ಲ ಎಂದು ದೂರುವುದೇ ಹೊರತು, ಉಳಿಸಿಕೊಂಡ ಹುಂಜ ಆ ಹೇಂಟೆಗಳ ಅಣ್ಣನೋ ಮಗನೋ ಆಗಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಹನ್ನೊಂದು ಕೋಳಿ, ಲೆಕ್ಕಕ್ಕೆ ನಾಲ್ಕೂ ಇಲ್ಲ

ಹತ್ತು ಹೇಂಟೆಗಳ ಹಿಂಡಿನಲ್ಲಿ ಒಂದು ಹೇಂಟೆ ಕೆಟ್ಟದ್ದಾದರೆ ಹತ್ತರಲ್ಲೊಂದು ಪಾಲು ಮರಿ ಕೆಟ್ಟೀತು. ಹುಂಜ ಹಾಗಲ್ಲ. ಹುಟ್ಟುವ ಪ್ರತಿ ಮರಿಯಲ್ಲೂ ಅರ್ಧ ಅವನದೇ. ಕೋಳಿ ಸಾಕಣೆಯಲ್ಲಿ ಪಳಗಿದವರು ಹುಂಜವೆಂದರೆ ಅರ್ಧ ಹಿಂಡು ಎನ್ನುವುದು ಇದಕ್ಕೇ.

ತಳಿಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 1 ಹುಂಜ, 10 ಹೇಂಟೆಗೆ ಸಿಗುವ ಉತ್ತರ 3.6. ಹಿತ್ತಲಲ್ಲಿ ಓಡಾಡುವುದು ಹನ್ನೊಂದು ಕೋಳಿಯಾದರೂ ರಕ್ತಸಂಬಂಧದ ಮಟ್ಟಿಗೆ ಆ ಹಿಂಡು ನಾಲ್ಕು ಕೋಳಿಯಷ್ಟೂ ಅಗಲವಿಲ್ಲ. ಹೇಂಟೆಗಳನ್ನು 20ಕ್ಕೆ ಏರಿಸಿದರೂ ಉತ್ತರ 3.8ಕ್ಕೆ ನಿಲ್ಲುತ್ತದೆ. ಅದರ ಬದಲು ಹತ್ತೇ ಹೇಂಟೆಗಳಿಗೆ ಇನ್ನೊಂದು ಹುಂಜ ಸೇರಿಸಿದರೆ 6.7 ಆಗುತ್ತದೆ. ಸಣ್ಣ ಹಿಂಡಿನ ಕೊರತೆ ಇರುವುದು ಹೇಂಟೆಗಳಲ್ಲಲ್ಲ, ಹುಂಜದಲ್ಲಿ. ಅದರ ಮೇಲೆ ಆ ಒಂದೇ ಹುಂಜ ಮನೆಯೊಳಗಿನದೇ ಆದರೆ ಪರಿಣಾಮ ಬೇಗ ಕಾಣುತ್ತದೆ. ಅಪ್ಪ ಮಗಳು ಅಥವಾ ಒಡಹುಟ್ಟಿದವರು ಕೂಡಿ ಹುಟ್ಟಿದ ಮರಿಯಲ್ಲಿ ಒಳಸಂಬಂಧದ ಪ್ರಮಾಣ ಒಂದೇ ತಲೆಮಾರಿಗೆ ಶೇ. 25ಕ್ಕೆ ಮುಟ್ಟುತ್ತದೆ. ಮೊಟ್ಟೆ ಒಡೆಯುವುದು ಕಡಿಮೆಯಾಗುವುದು, ಮರಿ ಸೊರಗುವುದು, ಹೇಂಟೆಗಳು ಮೊಟ್ಟೆ ಇಡುವುದರಲ್ಲಿ ಹಿಂದೆ ಬೀಳುವುದು ಎಲ್ಲವೂ ಅಲ್ಲಿಂದಲೇ ಶುರು.

ಹಳ್ಳಿಯಲ್ಲಿ ಈ ತೊಡಕು ತಾನಾಗಿಯೇ ಬಗೆಹರಿಯುತ್ತಿತ್ತು. ಬೇಲಿ ದಾಟಿ ಪಕ್ಕದ ಮನೆಯ ಹುಂಜ ಬರುತ್ತಿತ್ತು, ತವರಿನಿಂದ ಬರುವವರು ಬುಟ್ಟಿಯಲ್ಲಿ ಒಂದನ್ನು ಹೊತ್ತು ತರುತ್ತಿದ್ದರು. ಮುಂಬಯಿಯ ಹಿತ್ತಲುಗಳಿಗೆ ಸುತ್ತಲೂ ಗೋಡೆ, ರಸ್ತೆ, ಕಟ್ಟಡ. ಹೊಸ ರಕ್ತ ತಾನಾಗಿ ಬರುವುದಿಲ್ಲ, ತರಬೇಕು. ಮೂರು ಮನೆಯವರು ಕೂಡಿದರೆ ಸುಲಭದ ಉಪಾಯ ಒಂದಿದೆ: ಮೊದಲ ಮನೆಯಲ್ಲಿ ಹುಟ್ಟಿದ ಹುಂಜ ಎರಡನೆಯ ಮನೆಗೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲ ಮನೆಗೆ. ಪ್ರತಿ ವರ್ಷ ಇದೇ ಸುತ್ತು, ಇದೇ ದಿಕ್ಕು. ಹೇಂಟೆಗಳು ಎಲ್ಲೂ ಹೋಗುವುದಿಲ್ಲ. ಅಳಿವಿನಂಚಿನ ತಳಿಗಳನ್ನು ಕಾಪಾಡುವವರು ಪ್ರಪಂಚದ ಬೇರೆಡೆಯೂ ಇದೇ ಕ್ರಮ ಅನುಸರಿಸುತ್ತಾರೆ. ಹೊರಗಿನಿಂದ ಹುಂಜ ತರುವವರು ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ, ಇವನ ತಾಯಿ ಯಾವುದು, ತಂದೆ ಎಲ್ಲಿಯದು?

ಬೇಡದ ವರಗಳು

ಮಾಂಸದಂಗಡಿಯಿಂದ ಒಂದು ಬ್ರಾಯ್ಲರ್ ಗಂಡು ತಂದು ಸಾಕಿದರಾಯಿತು ಎಂದುಕೊಳ್ಳುವವರಿದ್ದಾರೆ. ಆರು ವಾರದ ಆಸುಪಾಸಿನಲ್ಲಿ ಎರಡು ಕಿಲೋ ದಾಟುವಂತೆ ಬೆಳೆಸಿದ ಮಿಶ್ರತಳಿ ಅದು. ತಂದೆಯಾಗಲು ಅಲ್ಲ, ತೂಕಕ್ಕೆ ಹಾಕಲು ಹುಟ್ಟಿದ್ದು. ಇನ್ನೂ ಕೆಲವು ತಿಂಗಳು ಹೊಟ್ಟೆತುಂಬ ತಿನ್ನಿಸಿ ಇಟ್ಟುಕೊಂಡರೆ ಮೈಭಾರಕ್ಕೆ ಕಾಲು ಸೋಲುತ್ತದೆ, ಎದೆ ಸೋಲುತ್ತದೆ.

ಗಿರಿರಾಜನ ಕತೆ ಬೇರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಈ ಕೋಳಿ ಕರ್ನಾಟಕದಲ್ಲಷ್ಟೇ ಅಲ್ಲ, ಮಹಾರಾಷ್ಟ್ರದ ಹಳ್ಳಿಗಳಲ್ಲೂ ಮನೆಮಾತು. ಹಿತ್ತಲಲ್ಲಿ ಕಸಕಡ್ಡಿ ಹೆಕ್ಕಿ ಬೆಳೆಯುತ್ತದೆ, ಮೊಟ್ಟೆಯೂ ಚೆನ್ನಾಗಿ ಇಡುತ್ತದೆ. ಆದರೆ ಇದೂ ಬೆರಕೆ ತಳಿ, ಅದರ ಒಳ್ಳೆಯ ಗುಣಗಳು ಮುಂದಿನ ಪೀಳಿಗೆಯಲ್ಲಿ ಹಾಗೆಯೇ ಉಳಿಯುವುದಿಲ್ಲ. ವರ್ಷ ತುಂಬಿದ ಗಿರಿರಾಜ ಹುಂಜ ನಾಲ್ಕು ಕಿಲೋ ತೂಗುತ್ತದೆ. ಒಂದೂಕಾಲು, ಒಂದೂವರೆ ಕಿಲೋದ ನಾಟಿ ಹೇಂಟೆಯ ಬೆನ್ನಿಗೆ ಅದು ಹೊರಲಾರದ ಭಾರ. ರೆಕ್ಕೆಬುಡ ಹರಿದು ಗಾಯವಾದ ಹೇಂಟೆ ಹುಂಜವನ್ನು ಕಂಡರೆ ಓಡತೊಡಗುತ್ತದೆ. ಸಾಲದ್ದಕ್ಕೆ ಗಿರಿರಾಜ ಹೇಂಟೆಗಳಿಗೆ ಕಾವು ಕೂರುವ ಬುದ್ಧಿ ಇಲ್ಲ. ಮರಿ ಮಾಡುವ ಯಂತ್ರವಿಲ್ಲದ ಮನೆಯಲ್ಲಿ ಅಂಥ ಹೆಣ್ಣುಮರಿಗಳು ಹೆಚ್ಚಾದರೆ ಮುಂದಿನ ಸಂತತಿಗೆ ಕಾವು ಕೊಡುವವರೇ ಇರುವುದಿಲ್ಲ.

ಕಡಕನಾಥ್ ತರುವವರು ಇನ್ನೊಂದು ಎಚ್ಚರ ವಹಿಸಬೇಕು. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಮೇಲೆ ಕಪ್ಪು ಗರಿಯ ಬೆರಕೆಗಳೂ ಅದೇ ಹೆಸರಲ್ಲಿ ಮಾರಾಟಕ್ಕೆ ಬರುತ್ತವೆ. ಬಾಯಿ ಬಿಡಿಸಿ ನಾಲಗೆ ನೋಡಿದರೆ, ಗರಿ ಸರಿಸಿ ಚರ್ಮ ನೋಡಿದರೆ ಬಣ್ಣ ಬಯಲಾಗುತ್ತದೆ.

ತಳಿಯ ಬಗ್ಗೆ ಕೇಳಿ ತಿಳಿಯಲು ಮುಂಬಯಿಯವರು ದೂರ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ. ದಕ್ಷಿಣದ್ದು ಬೆಂಗಳೂರಿನ ಹೆಸರಘಟ್ಟದಲ್ಲಿದೆ, ಮತ್ತೆರಡು ಚಂಡೀಗಢ ಹಾಗೂ ಭುವನೇಶ್ವರದಲ್ಲಿವೆ. ಪಶ್ಚಿಮ ವಲಯದ್ದು ನೆಲೆಗೊಂಡಿರುವುದು ಆರೆ ಕಾಲೊನಿಯಲ್ಲೇ. ಹಿತ್ತಲ ಸಾಕಣೆಗೆ ಒಗ್ಗುವ ಕೋಳಿಗಳನ್ನು ಬೆಳೆಸುವುದು, ಸಾಕುವವರಿಗೆ ತರಬೇತಿ ಕೊಡುವುದು ಇವುಗಳ ಕೆಲಸ.

ಇನ್ನು ಕಾದಾಟದ ಹುಂಜ. ತುಳುನಾಡಿನಿಂದ ಮುಂಬಯಿಗೆ ಬಂದವರಲ್ಲಿ ಹುಂಜ ನೋಡುವ ಕಣ್ಣು ಹರಿತ. ಕೋಳಿ ಅಂಕದಲ್ಲಿ ಬೊಳ್ಳೆ, ಕಕ್ಕೆ, ಕೆಮ್ಮೈರೆ ಎಂದು ಬಣ್ಣದಿಂದಲೇ ಹುಂಜವನ್ನು ಹೆಸರಿಸುತ್ತಾರೆ, ಯಾವ ದಿನ ಯಾವ ಬಣ್ಣ ಗೆದ್ದೀತೆಂದು ಪಂಚಾಂಗವನ್ನೂ ನೋಡುತ್ತಾರೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದು ಅತ್ತ ಇರಲಿ, ಕಾಲಿನ ಬಲ, ಎದೆಯ ಹರವು, ಕಣ್ಣಿನ ಚುರುಕು ಅಳೆಯುವ ಆ ನೋಟ ಹಿತ್ತಲಿಗೂ ಬೇಕು. ಬೇಡದ್ದು ಆ ಸಿಟ್ಟು. ಮುಂಗೋಪ ಮರಿಗಳಿಗೂ ಇಳಿಯುತ್ತದೆ. ಮಕ್ಕಳು ಓಡಾಡುವ ಅಂಗಳದಲ್ಲಿ ಮನುಷ್ಯರ ಮೇಲೆ ಹಾರಿ ಮುಳ್ಳಿನಿಂದ ಒದೆಯುವ ಹುಂಜ ಎಷ್ಟೇ ಚೆಲುವನಾಗಿರಲಿ, ತಳಿಗೆ ಬೇಡ.

ಮುಸ್ಸಂಜೆಯ ತಪಾಸಣೆ

ಹುಂಜ ಪರೀಕ್ಷೆಗೆ ಒಳ್ಳೆಯ ಹೊತ್ತು ಕತ್ತಲಾಗುವ ಸಮಯ, ಅದು ಗೂಡು ಸೇರಿ ಕೂತ ಮೇಲೆ. ಹಗಲಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದರೆ ಹೆದರಿ ಏದುಸಿರು ಬಿಡುವ ಹಕ್ಕಿಯಲ್ಲಿ ಉಸಿರಾಟದ ದೋಷ ಯಾವುದು, ಗಾಬರಿ ಯಾವುದು ತಿಳಿಯುವುದಿಲ್ಲ. ಎರಡೂ ರೆಕ್ಕೆ ಸೇರಿಸಿ ಹಿಡಿದು ಎತ್ತಿ, ಕಾಲುಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಎದೆಯನ್ನು ಅಂಗೈ ಮೇಲೆ ಕೂರಿಸಿಕೊಳ್ಳಬೇಕು.

ಮೊದಲು ಕೈಗೆ ಸಿಗುವುದು ಎದೆಮೂಳೆ. ಬೆರಳಾಡಿಸಿದರೆ ಮೇಲಿನಿಂದ ಕೆಳಗಿನವರೆಗೂ ನೇರವಾಗಿರಬೇಕು, ಎರಡು ಬದಿಯಲ್ಲೂ ಮಾಂಸ ತುಂಬಿರಬೇಕು. ಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಹೊಟ್ಟೆಯಲ್ಲಿ ಜಂತುಹುಳು ಇರಬಹುದು, ಇಲ್ಲವೇ ಬಹಳ ದಿನದಿಂದ ಮೇವು ಸಾಲದೆ ಸೊರಗಿರಬಹುದು. ಕೊರಳ ಬುಡದ ಮೇವಿನ ಚೀಲ ಸಂಜೆಗೆ ತುಂಬಿರಬೇಕು, ಮರುದಿನ ಬೆಳಗ್ಗೆ ಖಾಲಿಯಾಗಿರಬೇಕು. ಬೆಳಗ್ಗೆಯೂ ಮೆತ್ತಗೆ ಉಬ್ಬಿ ಹುಳಿ ನಾತ ಬಂದರೆ ಜೀರ್ಣ ಕೆಟ್ಟಿದೆ ಎಂದರ್ಥ.

ಮುಂದೆ ತಲೆ. ಕಣ್ಣಪಾಪೆ ದುಂಡಗಿರಬೇಕು. ಸುತ್ತಿನ ಬಣ್ಣ ಬೂದಿಗೆ ತಿರುಗಿ ಪಾಪೆಯ ಅಂಚು ಹರಕಾಗಿದ್ದರೆ ಮಾರೆಕ್ಸ್ ರೋಗದ ಸಂಶಯ ಪಡಬೇಕು. ಮೂಗಿನ ಹೊಳ್ಳೆ ಒಣಗಿರಬೇಕು. ಬೆನ್ನಿಗೆ ಕಿವಿಗೊಟ್ಟು ಆಲಿಸಿದಾಗ ಗೊರಗೊರ ಕೇಳಿದರೆ ಅಂಥ ಹುಂಜವನ್ನು ಹಿಂಡಿಗೆ ಸೇರಿಸಬಾರದು. ಮೈಕೋಪ್ಲಾಸ್ಮದಿಂದ ಬರುವ ದೀರ್ಘಕಾಲದ ಉಸಿರಾಟದ ಕಾಯಿಲೆ ಹೇಂಟೆಗೆ ಅಂಟಿ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಜುಟ್ಟು ಕೆಂಪಗೆ, ತುಂಬಿಕೊಂಡು, ಮುಟ್ಟಿದರೆ ಬೆಚ್ಚಗಿರಬೇಕು. ಬಿಳಿಚಿದ್ದರೆ ಉಣ್ಣೆಯೋ ಹುಳುವೋ ರಕ್ತ ಹೀರುತ್ತಿರಬಹುದು. ನೀಲಿಗೆ ತಿರುಗಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಕಡಕನಾಥ್‌ಗೆ ಮಾತ್ರ ಈ ಪರೀಕ್ಷೆ ನಡೆಯದು, ಅದರ ಜುಟ್ಟು ಹುಟ್ಟಾ ಕಪ್ಪು.

ರೆಕ್ಕೆಯಡಿ ಮತ್ತು ಬಾಲದ ಕೆಳಗೆ ಗರಿ ಬಿಡಿಸಿ ನೋಡುವುದನ್ನು ಹಲವರು ಮರೆಯುತ್ತಾರೆ. ಗರಿಯ ಬುಡಕ್ಕೆ ಬಿಳಿ ಗಂಟಿನಂತೆ ಅಂಟಿಕೊಂಡಿರುವುದು ಹೇನಿನ ಮೊಟ್ಟೆ. ಕೆಂಪು ಉಣ್ಣೆ ಹಗಲಲ್ಲಿ ಮೈಮೇಲೆ ಸಿಗುವುದಿಲ್ಲ, ಗೂಡಿನ ಮರದ ಬಿರುಕಲ್ಲಿ ಅಡಗಿದ್ದು ರಾತ್ರಿ ಹತ್ತುತ್ತದೆ. ಹಾಗಾಗಿ ಹುಂಜದ ಜೊತೆ ಅದು ಕೂತಿದ್ದ ಕಂಬಿಯನ್ನೂ ಟಾರ್ಚ್ ಹಾಕಿ ನೋಡಬೇಕು.

ಕೊನೆಗೆ ಕಾಲು, ಬಹುಶಃ ಎಲ್ಲಕ್ಕಿಂತ ಮುಖ್ಯ. ಹುರುಪೆಗಳು ಚಪ್ಪಟೆಯಾಗಿ ಕೂತಿರಬೇಕು, ಎದ್ದು ಒರಟಾಗಿದ್ದರೆ ಅಡಿಯಲ್ಲಿ ನುಸಿ ಸೇರಿದೆ. ಪಾದ ತಿರುಗಿಸಿ ನೋಡಿದಾಗ ನಡುವೆ ಕಪ್ಪು ಹಕ್ಕಳೆ, ಊತ ಕಂಡರೆ ಅದು ಕೀವುಗಟ್ಟಿದ ಗಾಯ. ಮಳೆಗಾಲದ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಈ ಊರಿನಲ್ಲಿ, ಒದ್ದೆ ಸಿಮೆಂಟು ನೆಲದ ಮೇಲೆ ನಿಲ್ಲುವ ಕೋಳಿಗಳಿಗೆ ಇದು ಮಾಮೂಲು. ಕಾಲು ನೋಯುವ ಹುಂಜ ಹೇಂಟೆಯ ಮೇಲೆ ನಿಲ್ಲಲಾರದು. ಮೊಟ್ಟೆಗಳು ಗೊಡ್ಡಾಗಲು ಎಷ್ಟೋ ಸಲ ಇದೇ ಕಾರಣ, ವೀರ್ಯದ ದೋಷವಲ್ಲ. ಕಾಲಿನ ಹಿಂಬದಿಯ ಮುಳ್ಳು ವಯಸ್ಸನ್ನೂ ಹೇಳುತ್ತದೆ. ಎಳೆಯದರಲ್ಲಿ ಅದು ಬರೀ ಗುಬುಟು, ವರ್ಷ ಕಳೆದದ್ದರಲ್ಲಿ ಚೂಪು. ಐದಾರು ತಿಂಗಳಿಗೆ ಹುಂಜ ಪ್ರಾಯಕ್ಕೆ ಬಂದರೂ ತಳಿಗೆ ಬಿಡಲು ಎಂಟು ತಿಂಗಳಿಂದ ಎರಡು ವರ್ಷದವರೆಗಿನ ಪ್ರಾಯ ಹೇಳಿಮಾಡಿಸಿದ್ದು.

ಹೇಂಟೆಯ ತೀರ್ಮಾನ

ಮನುಷ್ಯರು ಬಾಲದ ಗರಿಗೆ ಮರುಳಾಗುತ್ತಾರೆ, ಹೇಂಟೆ ಆಗುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಮಾರ್ಲೀನ್ ಝುಕ್ ಮತ್ತು ಸಂಗಡಿಗರು ನಮ್ಮ ಊರುಕೋಳಿಯ ಮೂಲವಾದ ಕೆಂಪು ಕಾಡುಕೋಳಿಯ ಮೇಲೆ ಪ್ರಯೋಗ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಿಯಾಗಿದ್ದಾಗ ಜಂತುಹುಳು ತಗುಲಿದ್ದ ಹುಂಜಗಳ ಜುಟ್ಟು ಬೆಳೆದ ಮೇಲೂ ಚಿಕ್ಕದಾಗಿ, ಮಂಕಾಗಿ ಉಳಿಯಿತು. ಆರಿಸಿಕೊಳ್ಳಲು ಬಿಟ್ಟಾಗ ಹೇಂಟೆಗಳು ಹೆಚ್ಚಾಗಿ ಹುಳುವಿಲ್ಲದ ಹುಂಜಗಳ ಕಡೆಗೇ ನಡೆದವು. ಹುಂಜದ ಬಣ್ಣದ ಗರಿಗಳು ಹೇಂಟೆಯ ಆಯ್ಕೆಯನ್ನು ಬದಲಿಸುವುದಿಲ್ಲ ಎಂದು 1995ರ ಇನ್ನೊಂದು ಅಧ್ಯಯನ ತೋರಿಸಿತು. 2000ದಲ್ಲಿ ಪಿಜ್ಜಾರಿ ಮತ್ತು ಬರ್ಕ್‌ಹೆಡ್ ಎಂಬ ವಿಜ್ಞಾನಿಗಳು ಕಂಡದ್ದಂತೂ ಮತ್ತೂ ಬೆರಗಿನದು: ಬಲವಂತಕ್ಕೆ ಸಿಕ್ಕಿದ ಹೇಂಟೆ, ಹಿಂಡಿನಲ್ಲಿ ಕೆಳಗಿನ ಸ್ಥಾನದ ಹುಂಜದ ವೀರ್ಯವನ್ನು ಆಮೇಲೆ ಹೊರಕ್ಕೆ ಹಾಕಿಬಿಡುತ್ತದೆ.

ಹೇಂಟೆಯ ಕಣ್ಣಿನಿಂದ ಹುಂಜವನ್ನು ನೋಡಲು ಒಂದು ಹಿಡಿ ಜೋಳ ಸಾಕು. ಅಂಗಳಕ್ಕೆ ಎರಚಿ ದೂರ ನಿಂತು ಗಮನಿಸಬೇಕು. ಒಳ್ಳೆಯ ಹುಂಜ ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, ಕುಕ್ಕುಕ್ಕು ಎಂದು ಹೇಂಟೆಗಳನ್ನು ಕರೆಯುತ್ತದೆ. ಅವು ಬಂದು ತಿನ್ನುವಾಗ ತಾನು ತಲೆಯೆತ್ತಿ ಸುತ್ತ ನೋಡುತ್ತದೆ. ಆಕಾಶದಲ್ಲಿ ಹದ್ದು ಕಂಡರೆ ಒಂದು ಬಗೆಯ ಕೂಗು, ನೆಲದ ಮೇಲೆ ಮುಂಗುಸಿಯೋ ಬೆಕ್ಕೋ ಬಂದರೆ ಇನ್ನೊಂದು ಬಗೆ. ಕಾಡಿಗೆ ಅಂಟಿಕೊಂಡ ಆರೆಯಂಥ ಕಡೆ ಈ ಎಚ್ಚರಕ್ಕೆ ಬೆಲೆ ಹೆಚ್ಚು, ಅಲ್ಲಿ ಚಿರತೆಯೂ ಓಡಾಡುತ್ತದೆ. ಎಲ್ಲರನ್ನೂ ಕುಕ್ಕಿ ಓಡಿಸಿ ಮೊದಲು ತಾನೇ ಮುಗಿಸುವ ಹುಂಜ ಮೈದುಂಬಿ ಚೆನ್ನಾಗಿ ಕಾಣುತ್ತದೆ ನಿಜ, ಹೇಂಟೆಗಳು ಅದರ ಹತ್ತಿರ ಸುಳಿಯುವುದಿಲ್ಲ. ಕೊಟ್ಟು ತಿನ್ನುವ ಹುಂಜಕ್ಕೆ ಪ್ರತ್ಯೇಕವಾಗಿ ಒಂದಿಷ್ಟು ಮೇವು ಹಾಕಬೇಕು, ಇಲ್ಲದಿದ್ದರೆ ಅದೇ ಸೊರಗುತ್ತದೆ.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಸರಿಯಾದ ಜೋಡಿ. ಮೂರೋ ನಾಲ್ಕೋ ಹೇಂಟೆ ಇರುವಲ್ಲಿ ಹುಂಜವನ್ನು ದಿನಪೂರ್ತಿ ಬಿಟ್ಟರೆ ಅವುಗಳ ಬೆನ್ನು ಬೋಳಾಗುತ್ತದೆ.

ಸೆಕೆ, ಸೋಂಕು, ನೆರೆಮನೆ

ಏಪ್ರಿಲ್, ಮೇ ತಿಂಗಳ ಬೇಗೆಯಲ್ಲಿ ಹುಂಜದ ವೀರ್ಯದ ಗುಣ ಇಳಿಯುತ್ತದೆ. ಆಗ ಗೊಡ್ಡು ಮೊಟ್ಟೆ ಹೆಚ್ಚಾದರೆ ಹುಂಜವನ್ನು ಕೂಡಲೇ ಮಾರುವ ಅವಸರ ಬೇಡ. ಕರಾವಳಿಯ ಜಿಗುಟು ಸೆಕೆಗೆ ಸಣ್ಣ ಮೈಯ, ದೊಡ್ಡ ಜುಟ್ಟಿನ ಹುಂಜ ಒಳ್ಳೆಯದು, ಜುಟ್ಟಿನ ಮೂಲಕ ಮೈಶಾಖ ಹೊರಹೋಗುತ್ತದೆ. ಬೋಳು ಕತ್ತಿನ ಕೋಳಿಯನ್ನು ನೋಡಿ ನಗುವವರಿದ್ದರೂ ಗರಿ ಕಡಿಮೆಯಿರುವ ಅದಕ್ಕೆ ಸೆಕೆ ತಡೆಯುವ ಶಕ್ತಿ ಹೆಚ್ಚು. ಒಬ್ಬ ತಂದೆ ಸಾಕು, ಆ ಗುಣ ಮರಿಗಳಿಗೆ ಇಳಿಯುತ್ತದೆ. ಮರಿ ಮಾಡಿಸಲು ಮಳೆ ನಿಂತ ಮೇಲಿನ ಅಕ್ಟೋಬರ್‌ನಿಂದ ಫೆಬ್ರವರಿ ಅನುಕೂಲದ ಕಾಲ. ಒದ್ದೆ ನೆಲದಲ್ಲಿ ಮರಿಗಳಿಗೆ ತಗಲುವ ರಕ್ತಭೇದಿಯ ಕಾಟ ಆಗ ಕಡಿಮೆ.

ಹೊಸ ಹುಂಜ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಮೂರು ನಾಲ್ಕು ವಾರ ಬೇರೆ ಗೂಡಿನಲ್ಲಿ, ಬೇರೆ ನೀರಿನ ಪಾತ್ರೆಯಲ್ಲಿ ಇರಲಿ. ಹಲವು ಕಡೆಯ ಕೋಳಿಗಳು ಒಂದೇ ಪಂಜರದಲ್ಲಿ ಕೂತು ಬರುವ ಸಂತೆಯ ಹುಂಜಕ್ಕಂತೂ ಇದು ಕಡ್ಡಾಯ. ರಾಣಿಖೇತ್, ನಮ್ಮ ಕಡೆಯವರ ಕೊಕ್ಕರೆ ರೋಗ, ಒಮ್ಮೆ ಹೊಕ್ಕರೆ ಹಿತ್ತಲನ್ನೇ ಗುಡಿಸಿಹಾಕುತ್ತದೆ. ಅದಕ್ಕೆ ಮದ್ದಿಲ್ಲ, ಲಸಿಕೆಯಷ್ಟೇ ಇದೆ. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಬೆರೆಸಿದ ಮೇಲೆ ಕೆಲವು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿ ಇರುವವರು ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಒಂದೇ ದಿನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ. ಸಲಹೆ ಬೇಕಾದವರಿಗೆ ಪರೇಲ್‌ನಲ್ಲಿ 1886ರಿಂದ ನಡೆದುಬಂದ ಮುಂಬಯಿ ಪಶುವೈದ್ಯ ಕಾಲೇಜು ಇದೆ.

ಹಕ್ಕಿಜ್ವರವೂ ಇಲ್ಲಿಗೆ ದೂರದ್ದಲ್ಲ. ಭಾರತದಲ್ಲಿ ಮೊದಲು ಅದು ಪತ್ತೆಯಾದದ್ದು 2006ರ ಫೆಬ್ರವರಿಯಲ್ಲಿ, ಇದೇ ರಾಜ್ಯದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. 2022ರ ಫೆಬ್ರವರಿಯಲ್ಲಿ ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ವೆಹ್ಲೋಳಿಯಲ್ಲಿ ಕಾಣಿಸಿಕೊಂಡಾಗ ಸುತ್ತಿನ ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಕೋಳಿಯೋ ಕಾಗೆಯೋ ಸಾಲಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನೆ ಇಲಾಖೆಗೆ ತಿಳಿಸಬೇಕು.

ಇನ್ನು ಕೂಗು. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿ, ಸಿಟ್ಟಿನಲ್ಲಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ ಕತೆಯ ಅಜ್ಜಿಯನ್ನು ಮುಂಬಯಿಯ ಚಾಳಿನವರಾದರೆ ಸ್ಟೇಷನ್‌ವರೆಗೂ ಬಂದು ಬೀಳ್ಕೊಡುತ್ತಿದ್ದರು. ಹುಂಜದ ಕೂಗು ಹತ್ತಿರದಲ್ಲಿ ನೂರು ಡೆಸಿಬೆಲ್ ಮೀರುತ್ತದೆ. ಜಪಾನಿನ ನಗೋಯ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದಂತೆ ಹುಂಜ ಬೆಳಕು ಕಂಡಾಗ ಮಾತ್ರ ಕೂಗುವುದಲ್ಲ, ಒಳಗಿನ ಗಡಿಯಾರ ನೋಡಿ ಬೆಳಕಿಗೆ ಎಷ್ಟೋ ಮೊದಲೇ ಶುರುಮಾಡುತ್ತದೆ. 2015ರಲ್ಲಿ ಅವರೇ ಇನ್ನೊಂದನ್ನು ಕಂಡುಕೊಂಡರು. ಹಿಂಡಿನ ಯಜಮಾನ ಹುಂಜ ಮೊದಲು ಕೂಗಿದರೆ ಉಳಿದವು ಸ್ಥಾನಕ್ಕೆ ತಕ್ಕಂತೆ ಸರದಿಯಲ್ಲಿ ಕೂಗುತ್ತವೆ. ಎರಡು ಹುಂಜ ಸಾಕಿದರೆ ತಳಿಯ ಲೆಕ್ಕಕ್ಕೆ ಲಾಭ, ನೆರೆಮನೆಯ ನಿದ್ದೆಗೆ ನಷ್ಟ. ಫ್ರಾನ್ಸಿನಲ್ಲಿ ಮೊರೀಸ್ ಎಂಬ ಹುಂಜದ ಮೇಲೆ ನೆರೆಯವರು ಹೂಡಿದ ದಾವೆಯಲ್ಲಿ 2019ರಲ್ಲಿ ಹುಂಜವೇ ಗೆದ್ದಿತು. ಗೋಡೆಗೆ ಗೋಡೆ ತಾಗಿದ ಈ ಊರಿನಲ್ಲಿ ಕೋರ್ಟಿಗಿಂತ ಕತ್ತಲ ಗೂಡನ್ನು ನಂಬುವುದು ಜಾಣತನ. ಗಾಳಿಯಾಡುವ, ಆದರೆ ಬೆಳಕು ಬಾರದ, ಕೊರಳು ಪೂರ್ತಿ ಚಾಚಲಾಗದಷ್ಟು ತಗ್ಗಿನ ಗೂಡಿನಲ್ಲಿ ರಾತ್ರಿ ಮುಚ್ಚಿಟ್ಟರೆ ಕೂಗು ನಿಲ್ಲದಿದ್ದರೂ ತಗ್ಗುತ್ತದೆ. ಜೋರು ಗಂಟಲಿನದನ್ನು ಬಿಟ್ಟು ಮೆತ್ತಗಿನದನ್ನು ಆರಿಸುವ ಅವಕಾಶವಂತೂ ಕೊಳ್ಳುವವರಿಗೆ ಇದ್ದೇ ಇದೆ.

ಆಯ್ಕೆ ಸರಿಯಾಯಿತೇ ಎಂಬುದು ಮೊದಲ ಕಾವಿನ ಏಳನೆಯ ರಾತ್ರಿ ತಿಳಿಯುತ್ತದೆ. ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದರೆ, ಕಟ್ಟಿದ ಮೊಟ್ಟೆಯಲ್ಲಿ ಕೆಂಪು ನರಗಳ ಬಲೆ ಕಾಣಿಸುತ್ತದೆ, ಗೊಡ್ಡು ಮೊಟ್ಟೆ ಬರಿದಾಗಿ ಹೊಳೆಯುತ್ತದೆ. ಹನ್ನೆರಡರಲ್ಲಿ ಹತ್ತು ಕಟ್ಟಿದ್ದರೆ ಹುಂಜ ತೇರ್ಗಡೆ. ಅರ್ಧದಷ್ಟು ಗೊಡ್ಡಾಗಿದ್ದರೆ ಮೊದಲು ಹುಂಜದ ಪಾದ ಮತ್ತು ತೂಕ ನೋಡಬೇಕು, ಸೆಕೆಗಾಲವೇ ಎಂದು ನೋಡಬೇಕು. ಅವೆಲ್ಲ ಸರಿಯಿದ್ದೂ ಎರಡನೆಯ ಕಾವಿನಲ್ಲಿ ಹೀಗೆಯೇ ಆದರೆ ಬದಲಿಸಬಹುದು. ಹೇಂಟೆಯ ಒಡಲಲ್ಲಿ ಹಳೆಯ ಹುಂಜದ ವೀರ್ಯ ಎರಡು ವಾರ, ಕೆಲವೊಮ್ಮೆ ಮೂರು ವಾರ ಜೀವಂತವಿರುತ್ತದೆ. ಆದ್ದರಿಂದ ಹೊಸದನ್ನು ಬಿಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ನಾಲ್ಕನೆಯ ವಾರದಿಂದ ಕಾವಿಗೆ ಎತ್ತಿಡಬೇಕು. ಆ ಮೊಟ್ಟೆಗಳಿಂದ ಎದ್ದ ಮರಿಗಳ ಕಾಲಿಗೆ ಒಂದೇ ಬಣ್ಣದ ಬಳೆ ಹಾಕಿದರೆ, ಮುಂದಿನ ವರ್ಷ ಯಾವ ಹುಂಜವನ್ನು ಯಾರ ಮನೆಗೆ ಕಳಿಸಬೇಕೆಂದು ಲೆಕ್ಕ ಹಾಕುವುದು ಸುಲಭ.